ಎರಡನೆಯ ಪಾಠದಲ್ಲಿ ಪಾದಗಳ ತಕರಾರು

ಹೋದ ತಿಂಗಳು ಕಲಬುರಗಿಯಿಂದ ಇಬ್ಬರು ಹೆಣ್ಣುಮಕ್ಕಳು ಸೇಡಂನ ನಮ್ಮ ಮನೆ ಹುಡುಕಿಕೊಂಡು ಬಂದರು. ಇಬ್ಬರೂ ರೇಖಿ ಎಂಬ ಅಂಗೈ ಚಿಕಿತ್ಸೆ ಕಲಿಸುವವರು. ಮೊದಲ ಹಂತ ಮುಗಿಸಿದ ಶಿಷ್ಯರು ಮುಂದೇನು, ಮುಂದೇನು ಎಂದು ಬೆನ್ನು ಹತ್ತಿದ್ದಾರಂತೆ. ಮೇಲಿನ ಹಂತದ ತರಬೇತಿಯನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ನೀವು ಇಂಥದ್ದನ್ನು ಮಾಡಿದವರು ಎಂದು ಕೇಳಿದ್ದೇವೆ, ಹೇಳಿರಿ ಎಂದರು. ನನಗೆ ರೇಖಿ ಗೊತ್ತಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ನಾನು ಕೆಲಸ ಮಾಡುವಾಗ ಆ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ನಮ್ಮದು ಎಣ್ಣೆ ಹಚ್ಚಿ ತಿಕ್ಕುವ, ಒತ್ತುವ, ಕೊನೆಗೆ ನೋವಿದ್ದ ಕಡೆ ಅಂಗೈ ಇಟ್ಟು ಸುಮ್ಮನೆ ಕೂರುವ ಕೆಲಸ. ಕೈಚಿಕಿತ್ಸೆ ಎಂದು ಕರೆಯುತ್ತಿದ್ದೆವು. ಆದರೂ ಅವರು ಏಳಲಿಲ್ಲ. ಮಂಡಕ್ಕಿಯ ಸುಸಲಾ ತಿಂದು ಚಹಾ ಕುಡಿಯುವ ತನಕ ತೋಚಿದ್ದನ್ನೆಲ್ಲ ಹೇಳಿದೆ. ಅವರು ಬಸ್ಸು ಹತ್ತಿದ ಮೇಲೆ, ಹೇಳಬೇಕಾದದ್ದನ್ನೇ ಬಿಟ್ಟೆನಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮ ಕೇಂದ್ರ ಇದ್ದದ್ದು ಊರಂಚಿನ ಒಂದು ಹಳೆಯ ಗೋದಾಮಿನಲ್ಲಿ. ತೊಗರಿ ತುಂಬಿಡುತ್ತಿದ್ದ ಜಾಗ. ಎಷ್ಟು ಗುಡಿಸಿದರೂ ಗೋಡೆಯ ಸಂದಿನಿಂದ ನಾಲ್ಕು ತೊಗರಿ ಕಾಳು ಉದುರುತ್ತಲೇ ಇದ್ದವು. ನೆಲಕ್ಕೆ ಶಹಾಬಾದಿನ ಕಲ್ಲು, ನಡುವೆ ಒಂದು ದಪ್ಪ ಪರದೆ. ಪರದೆಯ ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಆ ಕಡೆ ಕಲಿಸುವವರು ಸಾಹೇಬರು, ಈ ಕಡೆ ನಾನು. ಸಾಹೇಬರು ಎಂದರೆ ನಮ್ಮ ಮುಖ್ಯಸ್ಥರಾದ ಚನ್ನಬಸಪ್ಪನವರು. ನಿಜಾಮರ ಕಾಲದಿಂದ ತಹಸೀಲ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಸೊಂಟದ ನೋವಿಗೆಂದು ಪುಣೆಯ ಕಡೆ ಹೋಗಿ, ವಾಸಿಯಾದ ಖುಷಿಗೆ ಆ ವಿದ್ಯೆಯನ್ನೇ ಕಲಿತುಕೊಂಡು ಬಂದಿದ್ದರು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದರೂ ಅವರ ತಲೆಯಲ್ಲಿ ಕಚೇರಿ ಹಾಗೇ ಉಳಿದಿತ್ತು. ಪಾಠಗಳನ್ನು ಕಾಯದೆ ಪುಸ್ತಕದಂತೆ ಒಂದನೆಯ ಕಲಮು, ಎರಡನೆಯ ಕಲಮು ಎಂದೇ ಬರೆಸುತ್ತಿದ್ದರು. ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಅವರು ರೋಗಿಗೆ "ಆರಾಮ ಮಲಗರಿ" ಎಂದರೆ ಬೀದಿಯಲ್ಲಿ ಹೋಗುವವರೂ ಒಂದು ಕ್ಷಣ ನಿಲ್ಲುತ್ತಿದ್ದರು.

ಅವರು ಪುಣೆಯಿಂದ ತಂದ ಪಾಠದಲ್ಲಿ ಮೊದಲ ಕಲಮೇ ಕೈ ಕಾಯಿಸಿಕೊಳ್ಳುವುದು. ಇದ್ದಲಿ ಕೆಂಡದ ಮೇಲೆ ಅಂಗೈ ಹಿಡಿದು, ಬಿಸಿಯಾದ ಮೇಲೆ ರೋಗಿಯ ಬೆನ್ನಿಗೆ ಇಡಬೇಕು. ಚಳಿಗಾಲದಲ್ಲಿ ಎಲ್ಲರೂ ಮೆಚ್ಚಿದರು. ಮೇ ತಿಂಗಳು ಬಂತು. ಸೇಡಂ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ನಾವು ಮಾತ್ರ ನಿಯಮ ತಪ್ಪದೆ, ಮಟಮಟ ಮಧ್ಯಾಹ್ನ, ಬೆವರು ಒರೆಸಿಕೊಳ್ಳುತ್ತ ಕೆಂಡದ ಮುಂದೆ ಸಾಲಾಗಿ ಕೂತು ಕೈ ಕಾಯಿಸುತ್ತಿದ್ದೆವು. ಬರುವವರು ಕಡಿಮೆಯಾದರು. ಒಂದು ದಿನ ಆಡಕಿ ಊರಿನ ಒಬ್ಬ ಮುದುಕಿ ನನ್ನ ಕೈ ಬೆನ್ನಿಗೆ ತಾಗಿದ ಕೂಡಲೇ ಎದ್ದು ಕೂತು, ರೊಟ್ಟಿ ಬೇಯಿಸಬೇಕಾದರೆ ಮನೆಯಲ್ಲಿ ಹಂಚು ಇದೆಯಲ್ಲ, ನನ್ನ ಬೆನ್ನೇ ಬೇಕಾಯಿತೇ ಎಂದು ಕೇಳಿದಳು. ಅಂದಿನಿಂದ ಬೇಸಿಗೆಯಲ್ಲಿ ಕೆಂಡದ ಜಾಗಕ್ಕೆ ರಂಜಣಗಿ ಬಂತು. ನೀರು ತುಂಬಿದ ಆ ದೊಡ್ಡ ಮಣ್ಣಿನ ಹಂಡೆಗೆ ಎರಡೂ ಅಂಗೈ ಒತ್ತಿ, ತಣ್ಣಗೆ ಮಾಡಿಕೊಂಡು ರೋಗಿಯ ಹತ್ತಿರ ಹೋಗುತ್ತಿದ್ದೆವು. ಸಾಹೇಬರು ಪಾಠದ ಕಲಮನ್ನು ತಿದ್ದಲು ಒಪ್ಪಲಿಲ್ಲ, ಅದರ ಕೆಳಗೆ "ಋತುಮಾನ ನೋಡಿ" ಎಂದು ಸೇರಿಸಿದರು.

ಎರಡನೆಯ ಪಾಠ, ಅಂದರೆ ಮೇಲಿನ ಹಂತ, ಬೇಕಾದದ್ದು ನಮ್ಮ ಶಿಷ್ಯರ ಹುಮ್ಮಸ್ಸಿನಿಂದ. ಮೊದಲ ಪಾಠ ಕಲಿತು ಊರಿಗೆ ಹೋದವರು ಸಿಕ್ಕಸಿಕ್ಕವರನ್ನೆಲ್ಲ ಹಿಡಿದು ಮಲಗಿಸತೊಡಗಿದ್ದರು. ಶಹಾಬಾದಿನ ಮಲ್ಲಣ್ಣ ಕಲ್ಲಿನ ಗಣಿಯಲ್ಲಿ ದುಡಿದ ಆಳು. ಅವನ ಹಿಡಿತ ಸುಲಭಕ್ಕೆ ಬಿಡುವಂಥದ್ದಲ್ಲ. ಅವನು ಪಕ್ಕದ ಮನೆಯವನ ಬಾತ ಕಾಲನ್ನು ಇಡೀ ಸಂಜೆ ತಿಕ್ಕಿದ್ದ. ಅದು ಎಲುಬು ಬಿರಿದ ಕಾಲು. ಆಸ್ಪತ್ರೆಯ ಡಾಕ್ಟರು ಆ ಕಾಲಿಗೆ ಪಟ್ಟಿ ಹಾಕಿ, ಮಲ್ಲಣ್ಣನಿಗೆ ಮಂಗಳಾರತಿ ಮಾಡಿ ಕಳಿಸಿದರು. ಪುಣ್ಯಕ್ಕೆ ಕಾಲು ನೆಟ್ಟಗಾಯಿತು. ಮಲ್ಲಣ್ಣ ನಮ್ಮಲ್ಲಿಗೆ ಬಂದು, ತನಗೆ ಇನ್ನೂ ದೊಡ್ಡ ವಿದ್ಯೆ ಕಲಿಸಬೇಕೆಂದು ಹಟ ಹಿಡಿದ. ಅವನ ಹಿಂದೆಯೇ ಚಿತ್ತಾಪುರದವರು, ವಾಡಿಯವರು, ಚಿಂಚೋಳಿಯವರು ಬಂದರು.

ದೊಡ್ಡ ವಿದ್ಯೆ ಎಂದರೆ ಏನೋ ಗುಟ್ಟಿನ ಹಿಡಿತ, ಮಂತ್ರ, ಬೆನ್ನಿನ ನಡುವೆ ಅಡಗಿದ ನರ ಎಂದೆಲ್ಲ ಅವರು ಎಣಿಸಿದ್ದರು. ನಾನೂ ಸಾಹೇಬರೂ ಕೂತು ಜೋಡಿಸಿದ ಪಾಠ ನೋಡಿ ಮುಖ ಸಣ್ಣ ಮಾಡಿದರು. ಮೊದಲ ವಾರ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಕೈ ಕಟ್ಟಿ ಕೂತು, ಬಂದವರನ್ನು ನೋಡಬೇಕು, ಮಾತಾಡಿಸಬೇಕು. ಇವರಿಗೆ ನಮ್ಮ ಕೈ ಸಾಕೋ, ಡಾಕ್ಟರು ಬೇಕೋ ಎಂದಷ್ಟೇ ಹೇಳಬೇಕು. ಮಲ್ಲಣ್ಣ ಆ ವಾರ ಕೈ ಎಲ್ಲಿಡಬೇಕೆಂದೇ ತಿಳಿಯದೆ ಹೊದಿಕೆ ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ ಹೊತ್ತು ಕಳೆದ. ಆಮೇಲೆ ಒಂದೊಂದು ದುಡಿಮೆಯ ಮೈಯನ್ನು ಬೇರೆ ಬೇರೆಯಾಗಿ ತಿಳಿಯುವ ಪಾಠ. ಗಣಿಯಲ್ಲಿ ಚಪ್ಪಡಿ ಎತ್ತುವವನ ಬೆನ್ನು, ಸಿಮೆಂಟಿನ ಚೀಲ ಹೊರುವವನ ಹೆಗಲು, ದಿನವೆಲ್ಲ ಬಗ್ಗಿ ಕಸ ಕೀಳುವವಳ ಸೊಂಟ ಒಂದೇ ಅಲ್ಲ.

ಅಂಗೈ ಇಟ್ಟು ಸುಮ್ಮನೆ ಕೂರುವುದನ್ನು ಗಟ್ಟಿ ಮಾಡುವುದು ಇನ್ನೊಂದು ಪಾಠ. ಇದರಲ್ಲಿ ಸೋತವನು ವಾಡಿಯ ಶಿವಪ್ಪ. ರೈಲ್ವೆಯಲ್ಲಿ ಜೀವಮಾನ ಕಳೆದ ಮನುಷ್ಯ. ದೂರದಲ್ಲಿ ಸೀಟಿ ಕೇಳಿತೆಂದರೆ ರೋಗಿಯ ಬೆನ್ನಿನ ಮೇಲಿನ ಕೈ ತನ್ನಷ್ಟಕ್ಕೆ ಎದ್ದು ಕಿವಿಯ ಹತ್ತಿರ ಹೋಗುತ್ತಿತ್ತು, ಇದು ಯಾವ ಗಾಡಿ, ಎಷ್ಟು ತಡ ಎಂಬ ಲೆಕ್ಕ ಶುರುವಾಗುತ್ತಿತ್ತು. ರೋಗಿಗಳಿಗೂ ಅದು ರೂಢಿಯಾಯಿತು. ಶಿವಪ್ಪನ ಕೈಕೆಳಗೆ ಮಲಗಿದವರು ವಾಡಿಗೆ ಹೋಗುವ ಗಾಡಿಯ ಸಮಾಚಾರವನ್ನೂ ತಿಳಿದುಕೊಂಡೇ ಏಳುತ್ತಿದ್ದರು.

ನಿಜವಾದ ಪೇಚಾಟ ಶುರುವಾದದ್ದು ಪಾದಗಳಿಂದ. ಎರಡನೆಯ ಪಾಠದಲ್ಲಿ ಪ್ರತಿಯೊಬ್ಬ ಶಿಷ್ಯನೂ ತಾನೇ ಮಲಗಿ, ಇನ್ನೊಬ್ಬರ ಕೈ ತನ್ನ ಮೈಮೇಲೆ ಹೇಗಿರುತ್ತದೆ ಎಂದು ತಿಳಿಯಬೇಕೆಂದು ನಾನೇ ಹಟ ಹಿಡಿದು ಸೇರಿಸಿದ್ದೆ. ಕೆಳಗೆ ಮಲಗಿ ಗೊತ್ತಿಲ್ಲದವರು ಮೇಲೆ ಕೂತು ಏನು ಮಾಡಿಯಾರು ಎಂಬುದು ನನ್ನ ವಾದ. ತಲೆ, ಹೆಗಲು, ಬೆನ್ನು ಎಲ್ಲ ಸುಸೂತ್ರವಾಗಿ ನಡೆಯಿತು. ಸಾಹೇಬರು ಮಲ್ಲಣ್ಣನ ಅಂಗಾಲಿಗೆ ಕೈ ಹಾಕಿದ್ದೇ ತಡ, ಆ ಕಡೆಯಿಂದ ಅವನು ಮಲಗಿದ್ದ ಹಲಗೆ ಬಿದ್ದ ಸದ್ದು ಕೇಳಿತು. ಗುರುಗಳು, ವಯಸ್ಸಿನಲ್ಲಿ ಹಿರಿಯರು, ತನ್ನ ಕಾಲು ಮುಟ್ಟುವುದೇ? ಮಲ್ಲಣ್ಣ ಹಾರಿ ಎದ್ದು, ಹಲಗೆ ಕೆಡವಿ, ಸಾಹೇಬರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ. ಅವನ ಕೈಯೆಲ್ಲ ಎಣ್ಣೆ. ಆಮೇಲೆ ಪ್ರತಿಯೊಬ್ಬರದೂ ಇದೇ ಕಥೆ. ಅಂಗಾಲು ಮುಟ್ಟಿಸಿಕೊಂಡವರು ದೋಷ ಕಳೆದುಕೊಳ್ಳಲು ಎದ್ದು ನಮಸ್ಕಾರ ಮಾಡುವುದು, ಎಣ್ಣೆಗೈಯನ್ನು ಹಣೆಗೆ ಒತ್ತಿಕೊಳ್ಳುವುದು. ವಿಭೂತಿಯ ಮೇಲೆ ಎಣ್ಣೆ ಇಳಿದು ಎಲ್ಲರ ಹಣೆಯೂ ಮಿಂಚುತ್ತಿತ್ತು. ಸಾಹೇಬರ ಪಾದಗಳಿಗಂತೂ ದಿನಕ್ಕೆ ಅದೆಷ್ಟು ಎಣ್ಣೆ ಬೀಳುತ್ತಿತ್ತೋ, ಒಂದು ದಿನ ಶಹಾಬಾದಿನ ನುಣ್ಣನೆಯ ಕಲ್ಲಿನ ಮೇಲೆ ಜಾರಿ, ಧೊಪ್ಪನೆ ಕೂತರು. ಮತ್ತೆ ಸೊಂಟ ಹಿಡಿಯಿತೇನೋ ಎಂದು ನಾವೆಲ್ಲ ಹೆದರಿದೆವು. ಸಾಹೇಬರು ಕೂತಲ್ಲಿಂದಲೇ, ಇನ್ನು ಮುಂದೆ ನಮಸ್ಕಾರ ಬಂದ್ ಎಂದು ಹುಕುಂ ಮಾಡಿದರು. ಯಾರೂ ಕೇಳಲಿಲ್ಲ.

ದಾರಿ ತೋರಿಸಿದವನು ಶಿವಪ್ಪ. "ಸಾಹೇಬ್ರ, ರೈಲಿನಾಗ ಪಾಸ್ ಇರ್ತದಲ್ರಿ, ಒಂದ್ ಸಲ ತಗೊಂಡ್ರ ತಿಂಗಳೆಲ್ಲಾ ನಡೀತದ. ಹಂಗ ಮುಂಜಾನಿ ಬಂದ ಕೂಡ್ಲೇ ಎಲ್ಲಾರೂ ಎಲ್ಲಾರಿಗಿ ಒಂದ್ ಸಲ ನಮಸ್ಕಾರ ಮಾಡಿ ಬಿಡೂಣು. ಸಂಜಿ ಮಟ ನಡೀಲಿ" ಎಂದ. ಸಾಹೇಬರಿಗೆ ಇದು ಕಾಯದೆಯಂತೆ ಕಂಡಿದ್ದರಿಂದ ತಕ್ಷಣ ಒಪ್ಪಿದರು. ಮರುದಿನದಿಂದ ಎಣ್ಣೆ ಬಟ್ಟಲು ತೆಗೆಯುವ ಮುಂಚೆಯೇ ಎಲ್ಲರೂ ಎಲ್ಲರಿಗೂ ಬಗ್ಗಿ, ಇಡೀ ದಿನದ ದೋಷವನ್ನು ಮುಂಗಡವಾಗಿ ತೀರಿಸಿಕೊಳ್ಳತೊಡಗಿದೆವು. ನಗುನಗುತ್ತಲೇ ಶುರುವಾದ ಆ ಪದ್ಧತಿ ನಾನು ನಿವೃತ್ತಳಾಗುವ ತನಕ ನಡೆಯಿತು.

ಈ ಪಾಸು ಸಾಲದೆ ಉಳಿದವರು ಚಿಂಚೋಳಿ ಕಡೆಯ ಐನಾಪುರದ ಗಂಗಮ್ಮ ಒಬ್ಬರೇ. ಗಂಗಮ್ಮ ಬಂದದ್ದು ಸೊಸೆ ಶಾಂತಾಳ ಜತೆಗೆ. ಶಾಂತಾಳ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ, ಮಗ ಆಗಷ್ಟೇ ಶಾಲೆಗೆ ಸೇರಿದ್ದ. ಶಾಂತಾ ಏಳನೆಯ ಇಯತ್ತೆಯವರೆಗೆ ಓದಿದ ಚುರುಕು ಹುಡುಗಿ. ಅವಳನ್ನು ಒಬ್ಬಳೇ ಸೇಡಂಗೆ ಕಳಿಸಲಾರೆನೆಂದು ಗಂಗಮ್ಮ ಕಾವಲಿಗೆ ಬಂದರು. ಕೂತಲ್ಲಿ ಕೂರಲಾರದೆ ತಾವೂ ಕಲಿಯಲು ಶುರು ಮಾಡಿ, ಮೊದಲ ಪಾಠದಲ್ಲೇ ಸೊಸೆಗಿಂತ ಮುಂದೆ ಹೋದರು. ಅವರ ಕೈಗೆ ತೂಕವಿತ್ತು, ಅವಸರವಿರಲಿಲ್ಲ.

ಆ ವರ್ಷ ಚಿಂಚೋಳಿಯಲ್ಲಿ ಹೆಂಗಸರಿಗಾಗಿಯೇ ಒಂದು ಚಿಕಿತ್ಸೆಯ ಕೋಣೆ ತೆರೆಯುವುದೆಂದು ತೀರ್ಮಾನವಾಗಿತ್ತು. ಎರಡನೆಯ ಪಾಠ ಮುಗಿಸಿದ ಇಬ್ಬರು ಹೆಂಗಸರು ಬೇಕು, ಒಬ್ಬಳನ್ನೇ ಕೂರಿಸುವುದಿಲ್ಲ ಎಂಬುದು ಸಾಹೇಬರ ಕಲಮು. ಚಿತ್ತಾಪುರದ ಹೆಂಗಸರು ಅಷ್ಟು ದೂರ ಹೋಗಲೊಲ್ಲರು. ಉಳಿದವರು ಈ ಅತ್ತೆ ಸೊಸೆ. ಶಾಂತಾ ಒಂದು ದಿನ ಬಾವಿಕಟ್ಟೆಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿ, "ಅಕ್ಕೋರೆ, ಆ ಕೋಣಿ ನನಗ ಬೇಕ್ರಿ. ಕಲತದ್ದು ಒಲಿ ಮುಂದ ಕುಂತು ಮರ್ತು ಹೋಗಬಾರ್ದು" ಎಂದಳು. ಅಷ್ಟು ದಿನದಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಆದರೆ ಗಂಗಮ್ಮ ತಮಗಿಂತ ಕಿರಿಯರ ಪಾದ ಮುಟ್ಟುತ್ತಿರಲಿಲ್ಲ. ಮೊಣಕಾಲಿನ ತನಕ ಚೆಂದಾಗಿ ತಿಕ್ಕಿ, ಅಲ್ಲಿಗೆ ಕೈ ಒರೆಸಿಕೊಂಡು ಪಕ್ಕದವಳಿಗೆ ಬಿಟ್ಟುಕೊಡುತ್ತಿದ್ದರು. ಶಾಂತಾಳ ತಕರಾರು ಬೇರೆ. ಅವಳ ಕೈ ಚೆನ್ನಾಗಿತ್ತು, ಮಲಗಲು ಮಾತ್ರ ಬರುತ್ತಿರಲಿಲ್ಲ. ಅತ್ತೆ ಇದ್ದ ಕೋಣೆಯಲ್ಲಿ ಕಾಲು ಚಾಚುವುದೆಂದರೇನು? ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡು, ಕಣ್ಣು ಬಿಟ್ಟುಕೊಂಡು, ಸೆಟೆದುಕೊಂಡು ಮಲಗುತ್ತಿದ್ದಳು. ಅವಳ ಬೆನ್ನಿಗೆ ಕೈ ಇಟ್ಟರೆ ನೆಲದ ಕಲ್ಲಿಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮೈ ಸಡಿಲ ಬಿಡಲು ಬಾರದವಳು ಇನ್ನೊಬ್ಬರನ್ನು ಹೇಗೆ ಸಡಿಲ ಮಾಡುತ್ತಾಳೆ ಎಂದು ಬೈದೆ, ಮುದ್ದು ಮಾಡಿದೆ. ಏನೂ ಆಗಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪರೀಕ್ಷೆ ಹತ್ತಿರ ಬಂದಾಗ ಗಂಗಮ್ಮನವರನ್ನು ಒಂದು ಕಡೆ ಕರೆದು ಕೇಳಿಯೇ ಬಿಟ್ಟೆ, ಸೊಸೆಯ ಕಾಲು ಮುಟ್ಟಿದರೆ ನಿಮ್ಮ ದೊಡ್ಡಸ್ತಿಕೆ ಕಡಿಮೆಯಾಗುತ್ತದೇನು ಎಂದು.

ಗಂಗಮ್ಮ ನನ್ನ ಮುಖವನ್ನೇ ನೋಡಿದರು. "ನಂದೇನ್ ಕಡಿಮಿ ಆಗೂದದ ಅಕ್ಕೋರೆ? ಆಕಿ ಆಯುಷ್ಯ ಕಡಿಮಿ ಆಗ್ತದ. ದೊಡ್ಡವ್ರು ಸಣ್ಣವ್ರ ಪಾದ ಮುಟ್ಟಿದ್ರ ಅದು ಸಣ್ಣವ್ರಿಗೇ ತಗಲ್ತದ. ನನಗ ಇರಾಕಿ ಒಬ್ಬಾಕಿ ಸೊಸಿ. ನಿಮ್ಮ ಕೋಣಿ ಸಲುವಾಗಿ ಆಕೀನ ಕಳ್ಕೋಲೇನ್ರಿ?"

ನನ್ನ ಸಿಟ್ಟು ಜರ್ರನೆ ಇಳಿಯಿತು. ಇಷ್ಟು ದಿನ ನಾನು ಬಿಂಕ ಎಂದುಕೊಂಡದ್ದು ಅಂಜಿಕೆಯಾಗಿತ್ತು, ಆ ಅಂಜಿಕೆಯ ಬುಡದಲ್ಲಿ ಅಷ್ಟು ದೊಡ್ಡ ಮಮತೆ ಇತ್ತು. ಹೋಗಿ ಸಾಹೇಬರಿಗೆ ಹೇಳಿದೆ, ಪಾದದ ಕಲಮನ್ನು ಅವರೊಬ್ಬರಿಗೆ ಬಿಟ್ಟುಬಿಡೋಣ ಎಂದೆ. ಸಾಹೇಬರು ಒಪ್ಪಲಿಲ್ಲ. ಚಿಂಚೋಳಿಗೆ ಬರುವವರಲ್ಲಿ ಮುಕ್ಕಾಲು ಪಾಲು ಗಂಗಮ್ಮನಿಗಿಂತ ಕಿರಿಯರು, ಕೆಸರಿನಲ್ಲಿ ದುಡಿದು ಕಾಲು ಒಡೆದವರು, ಅವರನ್ನು ಮೊಣಕಾಲಿಗೇ ನಿಲ್ಲಿಸಿ ವಾಪಸ್ ಕಳಿಸುವುದೇ ಎಂದರು. ಜತೆಗೆ ದುಡಿಯುವವರು ಒಬ್ಬರ ಕೈಕೆಳಗೆ ಒಬ್ಬರು ಮಲಗಿಯೇ ಪರೀಕ್ಷೆ ಕೊಡಬೇಕೆಂದು ಇನ್ನೊಂದು ಕಲಮು ಬೇರೆ ಸೇರಿಸಿದರು. ಅವರು ಹೇಳಿದ್ದು ನ್ಯಾಯವೇ ಆಗಿತ್ತು, ಅದೇ ನನಗೆ ಸಂಕಟ.

ಪರೀಕ್ಷೆಯ ದಿನ ಸಾಹೇಬರು ಪರದೆಯ ಆ ಕಡೆ ಕುರ್ಚಿ ಹಾಕಿಕೊಂಡು ಕೂತರು. ಹೆಂಗಸರ ಕಡೆ ಇಣುಕುವಂತಿಲ್ಲವಲ್ಲ, ಅಲ್ಲಿಂದಲೇ ಕೂಗಿ ಕೇಳುವುದು, ನಾನು ನೋಡಿ ಹೇಳುವುದು. ಮೊದಲು ಶಾಂತಾ ಅತ್ತೆಗೆ ಮಾಡಿದಳು. ತಲೆಯಿಂದ ಅಂಗಾಲಿನ ತನಕ ಒಂದೂ ತಪ್ಪಿಲ್ಲ. ಇನ್ನು ಅವಳು ಮಲಗಬೇಕು. ಮಲಗಿದಳು, ಎಂದಿನಂತೆ ಕಾಲು ಮಡಿಚಿ. ಗಂಗಮ್ಮ ನೆತ್ತಿ, ಹೆಗಲು, ಬೆನ್ನು, ಮೊಣಕಾಲು ಮುಗಿಸಿದರು. ಅಲ್ಲಿಗೆ ಕೈ ನಿಂತಿತು.

"ಮುಂದ?" ಎಂದು ಪರದೆಯ ಆಚೆಯಿಂದ ಸಾಹೇಬರ ದನಿ ಬಂತು.

ಗಂಗಮ್ಮ ನನ್ನ ಕಡೆ ನೋಡಿದರು. ಚಿಂಚೋಳಿಯ ಕೋಣೆ ಕೈತಪ್ಪಿತು ಎಂದೇ ನಾನು ತಿಳಿದೆ. ಶಾಂತಾಳ ಕಣ್ಣು ತುಂಬಿತ್ತು. ಅವಳು ಮಲಗಿದಲ್ಲಿಂದಲೇ, ನನಗಷ್ಟೇ ಅಲ್ಲ ಅಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅತ್ತೀ, ನೀವು ಮುಟ್ಟಬ್ಯಾಡ್ರಿ, ಕೋಣಿ ಹೋದ್ರ ಹೋಗ್ಲಿ. ನನ್ನ ಪಾದಕ್ಕ ಯಾರೂ ಮುಟ್ಟದ್ದು ರೂಢಿ ಅದ. ನಮ್ಮವ್ವ ಇರಲಿಲ್ಲ. ನನ್ನ ಬಾಣಂತನದಾಗ ಅಣ್ಣನ ಮನ್ಯಾಗ ನನಗ ಯಾರೂ ಎಣ್ಣಿ ಹಚ್ಚಿ ತಿಕ್ಕಲಿಲ್ಲ."

ಇದು ಗಂಗಮ್ಮನಿಗೆ ಗೊತ್ತಿರಲಿಲ್ಲ. ಹೆರಿಗೆಗೆ ತವರಿಗೆ ಹೋದ ಸೊಸೆ ತೊಟ್ಟಿಲ ಕೂಸಿನೊಂದಿಗೆ ಮರಳಿ ಬಂದಿದ್ದಳು. ಅಲ್ಲಿ ಏನಾಯಿತು ಎಂದು ಇವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಗಂಗಮ್ಮ ನನ್ನ ಕಡೆ ತಿರುಗಿ, "ಅಕ್ಕೋರೆ, ನನ್ನ ಹೆಣ್ಣುಮಕ್ಕಳ ಬಾಣಂತನ ನಾನೇ ಮಾಡೀನಿ. ಅಂಗಾಲು ಹಿಡ್ದು ತಿಕ್ಕೀನಿ. ಒಬ್ಬಾಕಿಗೂ ಏನೂ ಆಗಿಲ್ಲ. ಬಾಣಂತಿಗಿ ತಿಕ್ಕೂ ಕೈಗಿ ದೋಷ ಇರಂಗಿಲ್ಲ" ಎಂದರು. ಹೇಳುತ್ತ ಹೇಳುತ್ತ ತಾವೇ ಆ ಮಾತನ್ನು ನಂಬುತ್ತ ಬಂದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ನಮ್ಮ ಬಟ್ಟಲಿನ ಎಣ್ಣೆಯನ್ನು ಮೂಸಿ ನೋಡಿ ಆ ಕಡೆ ಸರಿಸಿ, ಒಳಗಿನಿಂದ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿಸಿ ತರಿಸಿದರು. ಹಲಗೆಯ ತುದಿಗೆ ಕೂತು, ಸೀರೆಯೊಳಗೆ ಅಡಗಿದ್ದ ಸೊಸೆಯ ಎರಡೂ ಪಾದಗಳನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಕಾಲು ಚಾಚು ಮಗಳೆ. ನಿನ್ನ ಬಾಣಂತನ ಬಾಕಿ ಉಳದದ."

ನನ್ನ ಪಾಠದ ಕ್ರಮವೆಲ್ಲ ಅಲ್ಲಿಗೆ ತಲೆಕೆಳಗಾಯಿತು. ಅಂಗಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗುವುದು ಬಾಣಂತಿಯರಿಗೆ ತಿಕ್ಕುವ ಅವರ ಮನೆಯ ರೀತಿ. ಹಿಮ್ಮಡಿ, ಬೆರಳಿನ ಸಂದು, ಮೀನಖಂಡ, ಮತ್ತೆ ಮೊಣಕಾಲು, ಸೊಂಟ. ನಡುನಡುವೆ ಬೈಗುಳ. ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ, ನಾನೇನು ಸತ್ತಿದ್ದೆನೇ, ಒಂದು ಮಾತು ಹೇಳಿ ಕಳಿಸಿದ್ದರೆ ರಾತ್ರಿಯ ಗಾಡಿಗೇ ಬರುತ್ತಿದ್ದೆನಲ್ಲ ಎಂದು. ಶಾಂತಾ ಮೊದಲು ಅತ್ತಳು, ಆಮೇಲೆ ನಕ್ಕಳು. ಸೆಟೆದಿದ್ದ ಹೆಗಲು ನಿಧಾನವಾಗಿ ಹಲಗೆಗೆ ಇಳಿಯಿತು, ಮುಷ್ಟಿ ಬಿಚ್ಚಿತು. ಚಿತ್ತಾಪುರದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡೆ. ಆ ಕೆಲಸದಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ನನಗೆ ಅದಕ್ಕಿಂತ ಸಂತೋಷ ಕೊಟ್ಟ ಮಧ್ಯಾಹ್ನ ಇನ್ನೊಂದಿಲ್ಲ.

ಕ್ರಮ ಹೇಗೆ ಜೋಡಿಸಬೇಕೆಂದು ಕೇಳಿದ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಜೋಡಿಸಿರಿ, ಜೋಡಿಸದೆ ಕಲಿಸಲು ಬರುವುದಿಲ್ಲ. ಆದರೆ ಕೈ ಇಡುವವಳು ಯಾರು, ಮಲಗಿದವಳು ಯಾರು, ಅವರಿಬ್ಬರ ನಡುವೆ ಏನು ಅಡ್ಡ ನಿಂತಿದೆ ಎಂದು ಮೊದಲು ನೋಡಿರಿ. ಮರುವರ್ಷದಿಂದ ನಮ್ಮ ಎರಡನೆಯ ಪಾಠ ಹೆಂಗಸರ ಕಡೆ ಅಂಗಾಲಿನಿಂದಲೇ ಶುರುವಾಯಿತು. ಅದನ್ನು ಕಲಿಸಲು ಗಂಗಮ್ಮ ಚಿಂಚೋಳಿಯಿಂದ ಬಂದುಹೋಗುತ್ತಿದ್ದರು.

ಅಂದು ಮಾತ್ರ ಸಾಹೇಬರಿಗೆ ಪರದೆಯ ಈ ಕಡೆಯ ಮಾತು ಅರ್ಧಂಬರ್ಧ ಕೇಳಿತ್ತೇ ಹೊರತು ನಡೆದದ್ದೇನೂ ಕಂಡಿರಲಿಲ್ಲ. ಬಹಳ ಹೊತ್ತು ಕಾದು, ಕೆಮ್ಮಿ, ಕೊನೆಗೆ ಕಚೇರಿಯ ದನಿಯಲ್ಲಿ, ಪಾದ ಆಯಿತೋ ಇಲ್ಲವೋ ಒಂದು ಮಾತು ಹೇಳಿರಿ ಎಂದು ಗುಡುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗಮ್ಮ ಎದ್ದು ಪರದೆಯ ಹತ್ತಿರ ಹೋದರು.

"ಸಾಹೇಬ್ರ, ಜರಾ ಸಣ್ಣ ದನಿಲೆ ಮಾತಾಡ್ರಿ. ನನ್ನ ಸೊಸಿ ಮಲಗ್ಯಾಳ."

ತಿರುಗಿ ನೋಡಿದೆ. ಶಾಂತಾ ಬಾಯಿ ತುಸು ತೆರೆದು, ಎರಡೂ ಕಾಲು ಉದ್ದಕ್ಕೆ ಚಾಚಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಪರದೆಯ ಆ ಕಡೆಯಿಂದ, ನಾವು ಯಾರೂ ಎಂದೂ ಕೇಳಿರದಷ್ಟು ಮೆಲ್ಲಗೆ ಸಾಹೇಬರು, "ಇಬ್ಬರೂ ಪಾಸ್ ಅಂತ ಆಕಿಗಿ ಹೇಳ್ರಿ" ಎಂದರು.

ಅವಳ ಭುಜ ಮುಟ್ಟಿ ಎಬ್ಬಿಸಲು ಹೋದೆ. ಗಂಗಮ್ಮ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಈಗ ಬ್ಯಾಡ್ರಿ ಅಕ್ಕೋರೆ," ಎಂದರು. "ಆಕಿ ತಾನ ಏಳ್ಲಿ."